ಮಸ್ಕತ್‌ನಿಂದ ಸೂರ್‌ವರೆಗೆ ಒಂದು ಹಗಲು

ಮಗನ ಮನೆಗೆಂದು ಮಸ್ಕತ್‌ಗೆ ತೆರಳಿದ್ದ ನಾವು, ಒಂದು ಶುಕ್ರವಾರ ಮುಂಜಾವಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ಸೂರ್ ಪಟ್ಟಣದತ್ತ ಹೊರಟೆವು. ಸುಮಾರು 200 ಕಿಲೋಮೀಟರ್ ಹಾದಿ. ಎಡಕ್ಕೆ ಕಡಲು, ಬಲಕ್ಕೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟಗಳು. ಮರುಭೂಮಿಯೆಂದರೆ ಬರೀ ಮರಳೆಂದು ಭಾವಿಸಿದ್ದ ನಮಗೆ ಇದೇ ಮೊದಲ ಪಾಠವಾಯಿತು.

ಬಿಮ್ಮಾ ಎಂಬಲ್ಲಿ ನೆಲ ಕುಸಿದು ಉಂಟಾದ ಹೊಂಡವಿದೆ. ಆಕಾಶದಿಂದ ನಕ್ಷತ್ರ ಬಿದ್ದು ಆಯಿತೆಂದು ಜನ ಹೇಳುವರು. ನಿಜದಲ್ಲಿ ಸುಣ್ಣಕಲ್ಲು ನೀರಿನಲ್ಲಿ ಕರಗಿ ಮೇಲ್ಪದರ ಕುಸಿದದ್ದು. ಮೆಟ್ಟಿಲಿಳಿದು ಹಸಿರು ನೀರಿಗೆ ಕಾಲಿಟ್ಟೆವು.

ಮುಂದೆ ವಾದಿ ಶಾಬ್. ವಾದಿಯೆಂದರೆ ಮಳೆ ಬಂದಾಗ ಮಾತ್ರ ಉಕ್ಕುವ ಹಳ್ಳದ ಕಣಿವೆ. ದೋಣಿಯಲ್ಲಿ ದಾಟಿ, ಖರ್ಜೂರದ ತೋಪು, ನೀರಾವರಿಯ ಫಲಜ್ ಕಾಲುವೆಗಳ ಪಕ್ಕ ನಡೆದು, ಕೊನೆಗೆ ಈಜಿ ಗುಹೆಯೊಳಗಿನ ಜಲಪಾತ ಕಾಣಬೇಕು. ಹತ್ತು ವರ್ಷದ ನಮ್ಮ ಮೊಮ್ಮಗ ತಿಂಗಳಿನಿಂದ ಇದರ ಕನಸು ಕಂಡಿದ್ದ. ಆದರೆ ದೋಣಿಯವನು ಬೆಟ್ಟದ ನೆತ್ತಿಯ ಮೋಡ ತೋರಿಸಿ ತಲೆಯಾಡಿಸಿದ. ನಮ್ಮ ತಲೆಯ ಮೇಲೆ ಬಿಸಿಲಿತ್ತು. ಆದರೂ 2024ರ ಏಪ್ರಿಲ್‌ನಲ್ಲಿ ಒಮಾನಿನ ಪ್ರವಾಹದಲ್ಲಿ ಶಾಲಾ ಮಕ್ಕಳು ಕೊಚ್ಚಿಹೋದ ಸುದ್ದಿ ಮಗನ ಮನದಲ್ಲಿತ್ತು. ದೂರದ ಬೆಟ್ಟದಲ್ಲಿ ಸುರಿದ ಮಳೆ ಒಣ ಕಣಿವೆಗೆ ಹಠಾತ್ತನೆ ನುಗ್ಗುತ್ತದೆ. ಹಿಂದಿರುಗಿದೆವು. ಹುಡುಗ ಕಾರಿನಲ್ಲಿ ಮುಖ ತಿರುಗಿಸಿ ಕುಳಿತ; ರೊಟ್ಟಿಯನ್ನೂ ಮುಟ್ಟಲಿಲ್ಲ.

ಕಲ್ಹಾತ್‌ನಲ್ಲಿ ಬೀಬಿ ಮರಿಯಮ್‌ಳ ಸಮಾಧಿ ಒಂಟಿಯಾಗಿ ನಿಂತಿದೆ, ಗುಮ್ಮಟದ ಬಹುಭಾಗ ಕಳಚಿಹೋಗಿದೆ. ಒಂದು ಕಾಲಕ್ಕೆ ಇದು ಹೋರ್ಮುಜ್ ರಾಜ್ಯದ ದೊಡ್ಡ ಬಂದರು. ಸುಮಾರು 1330ರಲ್ಲಿ ಇಬ್ನ್ ಬತೂತಾ ಸೂರ್ ಕಡೆಯಿಂದ ನಡೆದು ಬಂದು, ದಾರಿಯಲ್ಲಿ ಪಟ್ಟ ಬವಣೆಯನ್ನು ಬರೆದಿಟ್ಟಿದ್ದಾನೆ. ನಾವು ಅದೇ ದೂರವನ್ನು ಅರ್ಧ ಗಂಟೆಯೊಳಗೆ ಕ್ರಮಿಸಿದೆವು! 1508ರಲ್ಲಿ ಪೋರ್ಚುಗೀಸರು ಇದನ್ನು ಸುಟ್ಟರು. 2018ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿಂದ ಹಡಗೇರುತ್ತಿದ್ದ ಸರಕುಗಳಲ್ಲಿ ಕುದುರೆಗಳು ಮುಖ್ಯ. ಅವು ಹೋಗುತ್ತಿದ್ದುದು ಹಿಂದೂಸ್ಥಾನಕ್ಕೆ. ನಮ್ಮ ಭಟ್ಕಳದಂಥ ಬಂದರುಗಳಲ್ಲಿ ಇಳಿದು ವಿಜಯನಗರದ ಲಾಯ ಸೇರಿದ ಅರಬ್ಬೀ ಕುದುರೆಗಳನ್ನು ನೆನೆದಾಗ, ಹಂಪಿಯ ಗೋಡೆಗಳ ಮೇಲಿನ ಅಶ್ವಗಳ ಸಾಲು ಕಣ್ಣೆದುರು ಬಂತು. ಈ ಪಾಳು ದಿಬ್ಬ ಒಮ್ಮೆಲೆ ಪರಸ್ಥಳವೆನಿಸದಾಯಿತು.

ಸೂರ್‌ನಲ್ಲಿ ಹಡಗು ಕಟ್ಟುವ ಅಂಗಳದ ಮರದ ವಾಸನೆ ಹುಡುಗನ ಸಿಟ್ಟನ್ನು ಸ್ವಲ್ಪ ಇಳಿಸಿತು. ಇಲ್ಲಿ 1951ರಲ್ಲಿ ಕಟ್ಟಿದ 'ಫತಹ್ ಅಲ್ ಖೈರ್' ಎಂಬ ಹಡಗನ್ನು, ಪರದೇಶದಲ್ಲಿದ್ದುದನ್ನು 1993ರಲ್ಲಿ ಮರಳಿ ಕೊಂಡು ತಂದು ನಿಲ್ಲಿಸಿದ್ದಾರೆ. ಇದೇ ಊರಲ್ಲಿ ಕಟ್ಟಿದ 'ಸೊಹಾರ್' ಹಡಗು 1980ರಲ್ಲಿ ಹೊರಟು 1981ರಲ್ಲಿ ಚೀನಾದ ಕ್ಯಾಂಟನ್ ಮುಟ್ಟಿತು. ಅದರ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನಿಂದ ಹೊಲಿದಿದ್ದರು, ಮರ ಮಲಬಾರಿನದು. "ಹಡಗನ್ನು ಅಂಗಿಯಂತೆ ಹೊಲಿಯುವರೇ?" ಎಂದು ಮೊಮ್ಮಗ ಕೇಳಿದ. ಅಷ್ಟರಲ್ಲಿ ಹಸಿವೂ ಮರಳಿ ಬಂದಿತ್ತು. ಲೈಟ್‌ಹೌಸಿನ ಎದುರು ಕುಳಿತು ಬುತ್ತಿ ಬಿಚ್ಚಿದೆವು.

ಅಂದು ವಾದಿಯಲ್ಲಿ ಮಳೆ ಬರಲೇ ಇಲ್ಲ. ಮರಳುವಾಗ ಆ ತಿರುವಿನಲ್ಲಿ ಶುಭ್ರ ಆಕಾಶವನ್ನು ತೋರಿಸುತ್ತ ಹುಡುಗ ನಮ್ಮನ್ನೇ ನೋಡಿದ.