ಎದುರಿನವನ ಲೆಕ್ಕ

ಬಿ.ಎ. ಅರ್ಥಶಾಸ್ತ್ರ ಓದುತ್ತಿರುವ, ಓದಬೇಕೆಂದಿರುವ ನಮ್ಮ ಸಂಘದ ಹುಡುಗ ಹುಡುಗಿಯರೇ, ಈ ಬರಹ ನಿಮಗಾಗಿ. ಒಂದಲ್ಲ ಒಂದು ದಿನ ನಿಮ್ಮೆದುರು ‘ಇಂಡಸ್ಟ್ರಿಯಲ್ ಎಕನಾಮಿಕ್ಸ್’, ‘ಗೇಮ್ ಥಿಯರಿ’ ಎಂಬ ಪೇಪರುಗಳು ಬಂದು ನಿಲ್ಲುತ್ತವೆ. “ತಗೋಬೇಡಿ, ಬರೀ ಲೆಕ್ಕ” ಎಂದು ಸೀನಿಯರುಗಳು ಹೆದರಿಸುತ್ತಾರೆ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ ಸಂಸಾರ ಹೂಡಿದ ಈ ಆಂಟಿಗೇಕೆ ಇದರ ಉಸಾಬರಿ ಎನ್ನುವಿರಾ?

ಕಳೆದ ವರ್ಷ ನನ್ನ ಮಗಳು ಗೇಮ್ ಥಿಯರಿಯ ಮೊದಲ ಟೆಸ್ಟಿನಲ್ಲಿ 25ಕ್ಕೆ 7 ತಂದಳು. ಪೇಪರು ಬದಲಿಸಲು ಶನಿವಾರ ಕೊನೆಯ ದಿನ. ಎಂಜಿನಿಯರಿಂಗ್ ಬೇಡವೆಂದು ಹಟ ಹಿಡಿದು ಈ ದಾರಿಗೆ ಬಂದವಳು, “ನಾನು ಆಗಲೇ ಹೇಳಿರಲಿಲ್ಲವೆ?” ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ನನಗೆ ತಿಳಿಯುವ ಹಾಗೆ ಒಂದೇ ಒಂದು ಲೆಕ್ಕ ಹೇಳಮ್ಮ, ಆಮೇಲೆ ಅರ್ಜಿ ಬರೆಯುವೆಯಂತೆ” ಎಂದೆ.

ಅವಳು ಆರಿಸಿಕೊಂಡದ್ದು ಫ್ರಾನ್ಸಿನ ಕೂರ್ನೋ 1838ರಲ್ಲಿ ಬರೆದ ಲೆಕ್ಕ. ಇಬ್ಬರ ಬಳಿ ಒಂದೊಂದು ಖನಿಜ ನೀರಿನ ಬುಗ್ಗೆಯಿದೆ. ನೀರು ತುಂಬಿಕೊಡಲು ಖರ್ಚೇನೂ ಇಲ್ಲ ಎನ್ನಿ. ಇಬ್ಬರೂ ಸೇರಿ ತಂದ ಕ್ಯಾನುಗಳ ಸಂಖ್ಯೆಯನ್ನು 120ರಿಂದ ಕಳೆದರೆ ಉಳಿಯುವುದೇ ಒಂದು ಕ್ಯಾನಿನ ಬೆಲೆ. (ಅಂಕಿಗಳು ನಮ್ಮ ಅಡಿಗೆಮನೆಯಲ್ಲಿ ಹುಟ್ಟಿದವು.) ಇಬ್ಬರೂ ಮಾತಾಡಿಕೊಂಡು ತಲಾ 30 ತಂದರೆ ಬೆಲೆ 60 ರೂಪಾಯಿ, ತಲಾ 1800 ಗಳಿಕೆ. ಇದಕ್ಕಿಂತ ಹೆಚ್ಚು ಇಬ್ಬರಿಗೂ ಸಮನಾಗಿ ಸಿಗುವುದು ಸಾಧ್ಯವಿಲ್ಲ.

“ಮತ್ತೆ ಅಲ್ಲಿಗೇ ನಿಲ್ಲಬಹುದಲ್ಲ?” ಎಂದೆ. “ಅಮ್ಮ, ಅವನು 30 ತರುತ್ತಾನೆ ಅಂತ ನಿನಗೆ ಗ್ಯಾರಂಟಿ ಇದ್ದರೆ ನೀನು ಎಷ್ಟು ತರ್ತೀಯ?” ಎಂದಳು. ಪೆನ್ಸಿಲ್ ಹಿಡಿದು ಒಂದೊಂದಾಗಿ ಹಾಕಿ ನೋಡಿದೆ. 45 ತಂದರೆ ಬೆಲೆ 45ಕ್ಕೆ ಇಳಿಯುತ್ತದೆ, ಆದರೆ ನನ್ನ ಗಳಿಕೆ 2025ಕ್ಕೆ ಏರುತ್ತದೆ! ಎದುರಿನವನೂ ಪೆನ್ಸಿಲ್ ಹಿಡಿದು ಕೂತಿದ್ದಾನೆ ಎಂಬುದು ಆಮೇಲೆ ಹೊಳೆಯಿತು. ಇಬ್ಬರೂ ಹೀಗೆ ಹಗ್ಗ ಜಗ್ಗಿ ಕೊನೆಗೆ ನಿಲ್ಲುವುದು ತಲಾ 40ರಲ್ಲಿ. ಬೆಲೆ 40, ಗಳಿಕೆ ತಲಾ 1600. ಮೊದಲಿನದಕ್ಕಿಂತ ಇಬ್ಬರಿಗೂ ಕಡಿಮೆ. ಆದರೂ ಇನ್ನೊಬ್ಬ 40ರಲ್ಲಿ ಇರುವವರೆಗೆ ಒಬ್ಬನೇ ಕದಲಿ ಲಾಭವಿಲ್ಲ. ಜಾನ್ ನ್ಯಾಶ್ 1950ರಲ್ಲಿ ಎಲ್ಲ ಬಗೆಯ ಆಟಗಳಿಗೂ ವಿಸ್ತರಿಸಿದ ಸಮತೋಲನ ಇದೇ. 1994ರಲ್ಲಿ ಅವರಿಗೆ ನೊಬೆಲ್ ಬಂತು.

ಅಜ್ಜಿಯ ಊರಿನ ಜಗಲಿಯಲ್ಲಿ ಆಡು-ಹುಲಿ ಆಟ ಆಡಿದವರಿಗೆ ಇದು ಹೊಸದಲ್ಲ. ನಿಮ್ಮ ಕಾಯಿ ನಡೆಸುವ ಮುನ್ನ ಎದುರಿನವನ ತಲೆಯೊಳಗೆ ಹೊಕ್ಕು ಬರಬೇಕು, ಅಷ್ಟೆ. ‘ಎ ಬ್ಯೂಟಿಫುಲ್ ಮೈಂಡ್’ (2001) ಚಿತ್ರ ನೋಡಿ ಮಾತ್ರ ಕಲಿಯಲು ಹೋಗಬೇಡಿ. ಗೆಳೆಯರೆಲ್ಲ ಆ ಚೆಲುವೆಯನ್ನು ಬಿಟ್ಟು ಉಳಿದವರ ಬಳಿ ಹೋಗೋಣ ಎನ್ನುವ ದೃಶ್ಯ ನ್ಯಾಶ್ ಸಮತೋಲನವೇ ಅಲ್ಲ. ಎಲ್ಲರೂ ಅವಳನ್ನು ಬಿಟ್ಟರೆ ಒಬ್ಬನಿಗಾದರೂ ಅವಳತ್ತ ಹೋಗೋಣ ಎನಿಸದೆ? ಮಗಳು ಇದನ್ನು ಹೇಳಿದಾಗ ನಾನು ನಕ್ಕದ್ದೇ ನಕ್ಕದ್ದು.

ಇಂಡಸ್ಟ್ರಿಯಲ್ ಎಕನಾಮಿಕ್ಸ್ ಶುರುವಾಗುವುದು ಇಲ್ಲಿಂದ. ಆ ಇಬ್ಬರು 30-30ರ ಒಪ್ಪಂದವನ್ನು ಗುಟ್ಟಾಗಿ ಮಾಡಿಕೊಂಡರೆ ಅದಕ್ಕೆ ಕಾರ್ಟೆಲ್ ಎನ್ನುತ್ತಾರೆ. ಹೆಚ್ಚಿನ ಬೆಲೆ ತೆರುವವರು ನಾವು. ದಿನವೂ ಮುಖ ನೋಡಬೇಕಾದ ವ್ಯಾಪಾರಿಗಳಲ್ಲಿ, ಇಂದು ಮೋಸ ಮಾಡಿದರೆ ನಾಳೆ ಸೇಡು ಖಂಡಿತ ಎಂಬ ಭಯದಿಂದ ಇಂಥ ಒಪ್ಪಂದ ಉಳಿಯಲೂಬಹುದು. ಅದನ್ನು ಒಡೆಯುವುದು ಹೇಗೆ? 1950ರಲ್ಲಿ ಆಲ್ಬರ್ಟ್ ಟಕ್ಕರ್ ಹೇಳಿದ ಇಬ್ಬರು ಕೈದಿಗಳ ಕಥೆಯನ್ನು ನೀವು ಕೇಳಿರುತ್ತೀರಿ: ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಬಾಯಿ ಬಿಟ್ಟವನಿಗೆ ಬಿಡುಗಡೆ ಎಂದರೆ ಇಬ್ಬರೂ ಬಾಯಿ ಬಿಡುತ್ತಾರೆ. ಕಾನೂನೂ ಅದೇ ಬಲೆ ಬೀಸಿದೆ. ನಮ್ಮ 2002ರ ಕಾಂಪಿಟಿಷನ್ ಕಾಯಿದೆಯಡಿ, ಮೊದಲು ಬಂದು ಗುಟ್ಟು ತಿಳಿಸಿದ ಕಂಪನಿಗೆ ಪೂರ್ತಿ ದಂಡವೂ ಮಾಫಿಯಾಗಬಹುದು. ಎರಡನೆಯವನಿಗೆ ಹೆಚ್ಚೆಂದರೆ ಅರ್ಧ. ಮೊದಲ ಆದೇಶ ಬಂದದ್ದು 2017ರ ಜನವರಿಯಲ್ಲಿ, ರೈಲ್ವೆ ಫ್ಯಾನುಗಳ ಟೆಂಡರಿನ ಪ್ರಕರಣದಲ್ಲಿ. ಬಾಯಿ ಬಿಟ್ಟ ಕಂಪನಿಗೆ ದಂಡದಲ್ಲಿ ಶೇ. 75 ರಿಯಾಯಿತಿ ಸಿಕ್ಕಿತು. ರೈಲಿನಲ್ಲಿ ನಮ್ಮ ತಲೆಯ ಮೇಲೆ ತಿರುಗುವ ಫ್ಯಾನಿನಲ್ಲೂ ಗೇಮ್ ಥಿಯರಿ!

ಕಷ್ಟವಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಸ್ವಲ್ಪ ಕ್ಯಾಲ್ಕುಲಸ್, ಸ್ವಲ್ಪ ಪ್ರಾಬಬಿಲಿಟಿ ಕೈಗೆ ಹತ್ತಿರಲೇಬೇಕು. ಆದರೆ ನನ್ನ ಮಗಳು ಎಡವಿದ್ದು ಅಲ್ಲಿ ಅಲ್ಲ. ಬೇರೆಯವರು ಬಿಡಿಸಿದ ಉತ್ತರಗಳನ್ನು ಬಾಯಿಪಾಠ ಮಾಡಿದ್ದರಲ್ಲಿ. ಕೂರ್ನೋ ಲೆಕ್ಕದಲ್ಲಿ ಪ್ರಮಾಣದ ಬದಲು ಬೆಲೆಯನ್ನೇ ಆರಿಸುವಂತೆ ಮಾಡಿದರೆ ಉತ್ತರ ಪೂರ್ತಿ ತಲೆಕೆಳಗಾಗುತ್ತದೆ: ಒಬ್ಬರಿಗಿಂತ ಒಬ್ಬರು ಇಳಿಸುತ್ತ ಹೋಗಿ ಲಾಭವೇ ಉಳಿಯುವುದಿಲ್ಲ. ಬರ್ಟ್ರಾಂಡ್ 1883ರಲ್ಲಿ ಎತ್ತಿದ ತಕರಾರು ಇದು. ಬಾಯಿಪಾಠದವರು ಪರೀಕ್ಷೆಯಲ್ಲಿ ಮುಗ್ಗರಿಸುವುದು ಇಲ್ಲೇ. ಆದ್ದರಿಂದ ಆಸ್‌ಬೋರ್ನ್ ಅವರ ಪುಸ್ತಕ ಹಿಡಿದು ಲೆಕ್ಕಗಳನ್ನು ಸ್ವಂತ ಕೈಯಿಂದ ಮಾಡಿ, ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ ನೋಡಿ. ಕನ್ನಡದಲ್ಲಿ ಹೇಳಲು ಬಾರದಿದ್ದರೆ ಅರ್ಥವಾಗಿಲ್ಲ ಎಂದೇ ಎಷ್ಟೋ ಸಲ ಲೆಕ್ಕ.

ಶನಿವಾರ ಅರ್ಜಿ ಹೋಗಲಿಲ್ಲ. ಕೊನೆಯ ಪರೀಕ್ಷೆಯಲ್ಲಿ 75ಕ್ಕೆ 49 ಬಂತು. ‘ಮಿಕ್ಸೆಡ್ ಸ್ಟ್ರಾಟೆಜಿ’ ಎಂಬುದು ಮಾತ್ರ ನನ್ನ ತಲೆಗೆ ಇನ್ನೂ ಹತ್ತಿಲ್ಲ. ಮಗಳಿಗೂ ತಾಳ್ಮೆ ಮುಗಿದಿದೆ. ನಿಮ್ಮಲ್ಲಿ ಯಾರಾದರೂ ಹೇಳಿಕೊಡುವುದಾದರೆ, ಭಾನುವಾರ ಬೆಳಿಗ್ಗೆ ಸಂಘದ ಲೈಬ್ರರಿಯಲ್ಲಿ ಇರುತ್ತೇನೆ. ಕೋಡುಬಳೆ ತರುತ್ತೇನೆ.