ಕಾರ್ಖಾನೆ ಬಂದರೆ ನಮ್ಮ ಪಾಲೇನು?



ರೊದ್ದಂ ಎಲ್ಲಿದೆ ನಿಮಗೆ ಗೊತ್ತೇ ಇದೆ. ಆಂಧ್ರಪ್ರದೇಶದ ಗಡಿ ಮಂಡಲ. ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಮಳೆ ಕಡಿಮೆ. ಹೊಲದಲ್ಲಿ ಕಡಲೆಕಾಯಿ. ಬೋರು ಕೊರೆಸಿದರೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಈ ರೊದ್ದಂನ ಎರಡು ಪಕ್ಕದಲ್ಲಿ ಎರಡು ದೊಡ್ಡ ಕೆಲಸ ಆಗಿವೆ. ಪಕ್ಕದ ಪೆನುಕೊಂಡ ಮಂಡಲದ ಎರ್ರಮಂಚಿಯಲ್ಲಿ ಕಾರು ತಯಾರಾಗುತ್ತದೆ. ಅದು ಕಿಯಾ ಕಂಪನಿಯ ಕಾರ್ಖಾನೆ. ಪಶ್ಚಿಮಕ್ಕೆ ಗಡಿ ದಾಟಿದರೆ ಕರ್ನಾಟಕದ ಪಾವಗಡ ತಾಲ್ಲೂಕು. ಅಲ್ಲಿ ತಿರುಮಣಿಯ ಸುತ್ತ ಬಿಸಿಲಿನಿಂದ ಕರೆಂಟು ತಯಾರಾಗುತ್ತದೆ.

ಕಾರಿನ ಕಂಪನಿ ಕೊರಿಯಾ ದೇಶದ್ದು. ಬಿಸಿಲಿನ ಫಲಕಗಳು ಹೆಚ್ಚಾಗಿ ಚೀನಾದಲ್ಲಿ ತಯಾರಾಗುವಂಥವು. ಎಲ್ಲಿಯ ಕೊರಿಯಾ, ಎಲ್ಲಿಯ ಚೀನಾ, ಎಲ್ಲಿಯ ನಮ್ಮ ಕಡಲೆಕಾಯಿ ಹೊಲ! ಇವು ಹೇಗೆ ಒಂದಾದವು? ಇದರಲ್ಲಿ ನಮ್ಮ ಪಾಲು ಎಷ್ಟು? ಬನ್ನಿ, ತಿಳಿಯೋಣ.

ಕೊರಿಯಾ ಹೇಗೆ ಬೆಳೀತು?

ದಕ್ಷಿಣ ಕೊರಿಯಾ ಚಿಕ್ಕ ದೇಶ. ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. 1950ರಿಂದ 1953ರವರೆಗೆ ಅಲ್ಲಿ ಯುದ್ಧ ನಡೀತು. ಊರುಗಳು ಸುಟ್ಟುಹೋದವು. ಆಗ ಅದು ನಮ್ಮ ಹಾಗೇ ಬಡ ದೇಶ.

ಅಲ್ಲಿನ ಸರಕಾರ ಮೂರು ಕೆಲಸ ಮಾಡಿತು. ಒಂದು, ಊರೂರಲ್ಲಿ ದೊಡ್ಡವರಿಗೂ ಅಕ್ಷರ ಕಲಿಸಿತು. ಎರಡು, ರಸ್ತೆ, ಬಂದರು, ಕರೆಂಟು ಮಾಡಿತು. ರಾಜಧಾನಿ ಸೋಲ್‌ನಿಂದ ಬುಸಾನ್ ಬಂದರಿಗೆ ಹೋಗುವ ಹೆದ್ದಾರಿ 1970ರಲ್ಲಿ ಮುಗೀತು. ಮೂರು, ಕಾರ್ಖಾನೆಗಳಿಗೆ ಸಾಲ ಕೊಟ್ಟಿತು. ಸುಮ್ಮನೆ ಕೊಡಲಿಲ್ಲ. "ಇಷ್ಟು ಮಾಲು ಮಾಡಬೇಕು, ಇಷ್ಟು ಹೊರದೇಶಕ್ಕೆ ಮಾರಬೇಕು" ಅಂತ ಷರತ್ತು ಹಾಕಿತು.

ಕೊರಿಯಾದಲ್ಲಿ ಕಬ್ಬಿಣದ ಅದಿರು ಸಾಕಷ್ಟು ಇಲ್ಲ. ಅದನ್ನು ಆಸ್ಟ್ರೇಲಿಯಾ, ಭಾರತದಂಥ ದೇಶಗಳಿಂದ ತರಿಸಿದರು. 1973ರಲ್ಲಿ ಪೊಹಾಂಗ್ ಊರಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಶುರುವಾಯ್ತು. ಉಕ್ಕಿನಿಂದ ಹಡಗು, ಕಾರು ಮಾಡಿದರು. ಕಿಯಾ ಕಂಪನಿ 1944ರಲ್ಲಿ ಶುರುವಾದಾಗ ಸೈಕಲ್ಲಿನ ಬಿಡಿಭಾಗ ಮಾಡುತ್ತಿತ್ತು. ಈಗ ಲೋಕಕ್ಕೆಲ್ಲ ಕಾರು ಮಾರುತ್ತದೆ.

ಸರಕಾರ ಹೀಗೆ ಯೋಚಿಸಿ, ಯಾವ ಕೈಗಾರಿಕೆ ಬೇಕು, ಅದಕ್ಕೆ ಏನು ಕೊಡಬೇಕು, ಅದರಿಂದ ಏನು ಕೇಳಬೇಕು ಅಂತ ತೀರ್ಮಾನ ಮಾಡುತ್ತದಲ್ಲ, ಅದಕ್ಕೇ ಕೈಗಾರಿಕಾ ನೀತಿ ಅಂತಾರೆ. ಕೊಡುವುದೂ ಇರಬೇಕು, ಕೇಳುವುದೂ ಇರಬೇಕು.

ಬಳ್ಳಾರಿಯ ಅದಿರು ಏನಾಯ್ತು?

ಈಗ ನಮ್ಮ ಕಡೆ ನೋಡಿ. ಬಳ್ಳಾರಿ, ಹೊಸಪೇಟೆ, ಸಂಡೂರು ಕಡೆ ಒಳ್ಳೆಯ ಕಬ್ಬಿಣದ ಅದಿರು ಇದೆ. 2000ದ ನಂತರ ಚೀನಾದಲ್ಲಿ ಕಟ್ಟಡ, ರಸ್ತೆ, ಕಾರ್ಖಾನೆ ಕೆಲಸ ಜೋರಾಯ್ತು. ಅವರಿಗೆ ಉಕ್ಕು ಬೇಕಾಯ್ತು. ಅದಿರಿನ ಬೆಲೆ ಏರಿತು. ನಮ್ಮ ಗುಡ್ಡಗಳನ್ನು ಅಗೆದು ಲಾರಿ ಲಾರಿ ಅದಿರು ಬಂದರಿಗೆ ಸಾಗಿಸಿದರು. ಕೆಲವರು ಕೋಟಿಗಟ್ಟಲೆ ಗಳಿಸಿದರು. ರಸ್ತೆ ಹಾಳಾಯ್ತು. ಬೆಳೆ ಮೇಲೆ ಕೆಂಪು ಧೂಳು ಕೂತಿತು. ಅಕ್ರಮ ಗಣಿಗಾರಿಕೆ ಮಿತಿಮೀರಿತು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಷರತ್ತು ಹಾಕಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟಿತು.

ಅದಿರು ಇಲ್ಲದ ಕೊರಿಯಾ ಉಕ್ಕು ಮಾಡಿ ಬೆಳೀತು. ಅದಿರು ಇದ್ದ ನಾವು ಬಹಳಷ್ಟನ್ನು ಮಣ್ಣಿನ ಹಾಗೇ ಮಾರಿದೆವು. ಕಡಲೆಕಾಯಿ ಮಾರಿದರೆ ಒಂದು ಬೆಲೆ. ಗಾಣಕ್ಕೆ ಹಾಕಿ ಎಣ್ಣೆ ಮಾರಿದರೆ ಎಣ್ಣೆಯ ಬೆಲೆ ಸಿಗುತ್ತದೆ, ಹಿಂಡಿಯೂ ಉಳಿಯುತ್ತದೆ. ಅದಿರಿನ ಲೆಕ್ಕವೂ ಹಾಗೇ.

ಕಿಯಾ ಇಲ್ಲಿಗೇ ಯಾಕೆ ಬಂತು?

2017ರಲ್ಲಿ ಕಿಯಾ ಕಂಪನಿ ಆಂಧ್ರ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. 110 ಕೋಟಿ ಡಾಲರ್ ಬಂಡವಾಳ. ವರ್ಷಕ್ಕೆ 3 ಲಕ್ಷ ಕಾರು ಮಾಡುವ ಗುರಿ. 2019ರಲ್ಲಿ ಕಾರು ಹೊರಬಂತು. 2023ರ ಜುಲೈ ಹೊತ್ತಿಗೆ 10 ಲಕ್ಷ ಕಾರು ತಯಾರಾಗಿದ್ದವು. ಇಲ್ಲಿಂದ ಹೊರದೇಶಗಳಿಗೂ ಹೋಗುತ್ತವೆ.

ಕಂಪನಿಗೆ ನಾಲ್ಕು ಸೌಕರ್ಯ ಬೇಕಿತ್ತು.

ಜಮೀನು: ಸರಕಾರ ರೈತರಿಂದ ಪಡೆದು ಒದಗಿಸಿತು. 500 ಎಕರೆಗಿಂತ ಹೆಚ್ಚು.

ದಾರಿ: ಬೆಂಗಳೂರು-ಹೈದರಾಬಾದ್ ಹೆದ್ದಾರಿ ಪಕ್ಕದಲ್ಲೇ ಇದೆ. ರೈಲು ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣ ದೂರವಿಲ್ಲ.

ನೀರು: ಹಂದ್ರಿ-ನೀವಾ ಯೋಜನೆಯಿಂದ ಬಂತು. ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯ ನೀರನ್ನು ಪಂಪು ಹಾಕಿ ಮೇಲೆತ್ತಿ ಕಾಲುವೆಯಲ್ಲಿ ಹರಿಸುತ್ತಾರೆ. 2016ರ ಕೊನೆಗೆ ಆ ನೀರು ಪೆನುಕೊಂಡ ಹತ್ತಿರದ ಗೊಲ್ಲಪಲ್ಲಿ ಜಲಾಶಯಕ್ಕೆ ಬಂತು. ಅಲ್ಲಿಂದ ಪೈಪಿನಲ್ಲಿ ಕಾರ್ಖಾನೆಗೆ ಹೋಯ್ತು.

ರಿಯಾಯಿತಿ: ತೆರಿಗೆಯಲ್ಲಿ, ಕರೆಂಟಿನಲ್ಲಿ ಸರಕಾರ ವಿನಾಯಿತಿ ಕೊಟ್ಟಿತು.

ನೋಡಿ, ಜಮೀನು ನಮ್ಮದು. ನೀರು ಎಲ್ಲರದ್ದು. ರಿಯಾಯಿತಿಯ ಹಣವೂ ಜನರ ತೆರಿಗೆಯದ್ದೇ. ಆದ್ದರಿಂದ ಕಾರ್ಖಾನೆಯಲ್ಲಿ ನಮ್ಮ ಬಂಡವಾಳವೂ ಇದೆ. ನಮ್ಮ ಮಕ್ಕಳಿಗೆ ಎಂಥ ಕೆಲಸ ಸಿಕ್ಕಿತು, ಕಾಯಂ ಕೆಲಸವೋ, ಗುತ್ತಿಗೆ ಕೂಲಿಯೋ, ಜಲಾಶಯದ ನೀರಲ್ಲಿ ಹೊಲಕ್ಕೆ ಎಷ್ಟು ಅಂತ ಕೇಳುವುದು ತಪ್ಪಲ್ಲ. ಅದು ನಮ್ಮ ಹಕ್ಕು.

ಬಿಸಿಲಿಗೂ ಬಾಡಿಗೆ

ಪಾವಗಡದ ದಾರಿ ಬೇರೆ. ಅಲ್ಲಿ ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ತಿರುಮಣಿ, ಬಳಸಮುದ್ರ, ವಳ್ಳೂರು ಮುಂತಾದ ಊರುಗಳ ಸುಮಾರು 13,000 ಎಕರೆ. ಮೊದಲ ಭಾಗ 2018ರ ಮಾರ್ಚ್‌ನಲ್ಲಿ ಶುರುವಾಯ್ತು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯ್ತು.

ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಇತ್ತು. ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರಿಕೆ. ಅವಧಿ 28 ವರ್ಷ. ಪಹಣಿಯಲ್ಲಿ ರೈತನ ಹೆಸರು ಉಳಿಯುತ್ತದೆ. ಮಳೆ ಬಂದರೂ, ಬಾರದಿದ್ದರೂ ಬಾಡಿಗೆ ಬರುತ್ತದೆ. ಬರಗಾಲದ ಸೀಮೆಗೆ ಇದು ಸಣ್ಣ ಮಾತಲ್ಲ.

ಆದರೆ ಇನ್ನೊಂದು ಮುಖವೂ ಇದೆ. ಜಮೀನಿಲ್ಲದವರಿಗೆ ಬಾಡಿಗೆ ಬರಲಿಲ್ಲ. ಕಳೆ ತೆಗೆಯುವ, ಕಡಲೆಕಾಯಿ ಕೀಳುವ ಕೂಲಿ ಹೋಯ್ತು. ಕುರಿ ಮೇಯಿಸುವವರಿಗೆ ಬೀಳು ಹೋಯ್ತು. ಫಲಕ ಒರೆಸುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು ಇಂಥ ಕೆಲಸ ಕೆಲವರಿಗೆ ಸಿಕ್ಕಿತು. ಎಲ್ಲರಿಗೂ ಸಾಲಲಿಲ್ಲ.

ಫಲಕಗಳ ಲಾಭವೂ ಹೊರಗೇ ಹೋಯ್ತು. ಲೋಕದ ಫಲಕಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಚೀನಾದಲ್ಲೇ ತಯಾರಾಗುತ್ತವೆ. ಅಲ್ಲಿನ ಸರಕಾರ ವರ್ಷಗಟ್ಟಲೆ ಆ ಕಾರ್ಖಾನೆಗಳಿಗೆ ಒತ್ತಾಸೆ ಕೊಟ್ಟಿತ್ತು. ಇದನ್ನು ಕಂಡು ಭಾರತ ಸರಕಾರ 2022ರ ಏಪ್ರಿಲ್‌ನಲ್ಲಿ ಹೊರಗಿನ ಫಲಕಗಳ ಮೇಲೆ ನೂರಕ್ಕೆ 40ರಷ್ಟು ಸುಂಕ ಹಾಕಿತು. ಇಲ್ಲೇ ಫಲಕ ಮಾಡುವವರಿಗೆ ಪ್ರೋತ್ಸಾಹದ ಹಣವನ್ನೂ ಗೊತ್ತುಮಾಡಿತು. ಇದೂ ಕೈಗಾರಿಕಾ ನೀತಿಯೇ.

ಜಮೀನಿಲ್ಲದವರಿಗೂ ಹಕ್ಕಿದೆ

ಸರಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳುವುದಕ್ಕೆ 2013ರ ಭೂಸ್ವಾಧೀನ ಕಾಯ್ದೆ ಇದೆ. ಜಮೀನಿನ ಬೆಲೆ ಲೆಕ್ಕ ಹಾಕಿ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನವನ್ನೂ ಕೊಡಬೇಕು ಅಂತ ಆ ಕಾಯ್ದೆ ಹೇಳುತ್ತದೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಮೂರು ವರ್ಷದಿಂದ ಅಲ್ಲೇ ಕೂಲಿ ಮಾಡಿ, ಇಲ್ಲವೇ ಕೋರಿಗೆ ಉತ್ತು, ಅದರಿಂದಲೇ ಬದುಕುತ್ತಿರುವ ಕುಟುಂಬವನ್ನೂ ಈ ಕಾಯ್ದೆ ಬಾಧಿತ ಕುಟುಂಬ ಅನ್ನುತ್ತದೆ. ಅವರ ಹೆಸರೂ ಪಟ್ಟಿಯಲ್ಲಿ ಬರಬೇಕು. ಪಟ್ಟಿ ಓದಿಸಿ ಕೇಳಬೇಡಿ, ಈಗ ನಿಮಗೇ ಓದಲು ಬರುತ್ತದೆ. ಹೆಸರು ಇದೆಯಾ ಅಂತ ನೀವೇ ನೋಡಿ.

ಸಹಿ ಹಾಕುವ ಮುಂಚೆ

ನಾಳೆ ನಿಮ್ಮ ಊರಿಗೂ ಯಾರಾದರೂ ಕಾಗದ ಹಿಡಿದು ಬರಬಹುದು. ಗಾಬರಿ ಬೇಡ, ಆತುರವೂ ಬೇಡ. ಈ ಪ್ರಶ್ನೆ ಕೇಳಿ.

1. ಇದು ಕ್ರಯ ಪತ್ರವೋ, ಗುತ್ತಿಗೆ ಪತ್ರವೋ, ಸ್ವಾಧೀನದ ನೋಟೀಸೋ?
2. ಪಾಸ್‌ಪುಸ್ತಕದಲ್ಲಿ, ಪಹಣಿಯಲ್ಲಿ ಯಾರ ಹೆಸರಿದೆ? ತೀರಿಹೋದ ಅಪ್ಪನ ಹೆಸರೇ ಇದೆಯೋ? ಹಾಗಿದ್ದರೆ ಮೊದಲು ವಾರಸುದಾರರ ಹೆಸರು ಸೇರಿಸಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ.
3. ಎಷ್ಟು ವರ್ಷ? ಎಷ್ಟು ಹಣ? ಯಾವ ತಿಂಗಳು, ಯಾರ ಖಾತೆಗೆ?
4. ಅವಧಿ ಮುಗಿದ ಮೇಲೆ ಜಮೀನನ್ನು ಹೇಗಿತ್ತೋ ಹಾಗೆ ಯಾರು ಮಾಡಿಕೊಡುತ್ತಾರೆ?
5. ಕೆಲಸ ಕೊಡುತ್ತೇವೆ ಅಂದರೆ, ಆ ಮಾತು ಕಾಗದದಲ್ಲಿ ಇದೆಯಾ?

ಕಾಗದ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ತಿಳಿದವರಿಂದ ಕನ್ನಡದಲ್ಲಿ ಬರೆಸಿಕೊಂಡು ಓದಿ. ಮನೆಯವರ ಜೊತೆ ಕೂತು ಮಾತಾಡಿ. ಒಂದು ಪ್ರತಿ ಇಸಿದುಕೊಳ್ಳಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ಲೆಕ್ಕ ಮಾಡಿ, ಚರ್ಚಿಸಿ

1. ನಿಮ್ಮ 3 ಎಕರೆಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿ ಬಾಡಿಗೆ. ಮೊದಲ ವರ್ಷ ಎಷ್ಟು ಬಂತು? ಮೂರನೇ ವರ್ಷ ನೂರಕ್ಕೆ 5 ಏರಿದರೆ ಎಷ್ಟು? (ಉತ್ತರ: 63,000 ಮತ್ತು 66,150 ರೂಪಾಯಿ)
2. ಎರಡು ವರ್ಷದಲ್ಲಿ ನಿಮ್ಮ ಮನೆಯ ಬೇಳೆ, ಎಣ್ಣೆ, ಸ್ಕೂಲು ಫೀಸು ಎಷ್ಟು ಏರಿತು? ಬಾಡಿಗೆ ಅಷ್ಟು ಏರುತ್ತದೆಯೋ?
3. ಈಗ ನಿಮಗೆ ಎಷ್ಟು ವಯಸ್ಸು? 28 ವರ್ಷದ ಗುತ್ತಿಗೆ ಮುಗಿಯುವಾಗ ಎಷ್ಟಾಗುತ್ತದೆ? ಆಗ ಆ ಜಮೀನು ಯಾರು ಉಳುತ್ತಾರೆ?

ಮೂರನೇ ಪ್ರಶ್ನೆಯನ್ನು ನಿಮ್ಮ ಮಕ್ಕಳನ್ನೂ ಕೂರಿಸಿಕೊಂಡು ಚರ್ಚೆ ಮಾಡಿ.