ಹೊಟ್ಟೆಹಲಗೆ ನಮ್ಮ ಬಡಗಿ ಕೈಗೆ ಒಗ್ಗೀತೆ?

ಪ್ರಶ್ನೆ: ಕಡಲಲೆಯ ಮೇಲೆ ಹೊಟ್ಟೆಯೂರಿ ಜಾರುವ ಮರದ ಹಲಗೆಯನ್ನು ಹೇಗೆ ಮಾಡುತ್ತಾರೆ? ನಮ್ಮೂರ ಬಡಗಿ ಮಾಡಬಲ್ಲರೇ?
– ಓದುಗರೊಬ್ಬರು, ಉಮ್ಮತ್ತೂರು

ಉತ್ತರ: ಖಂಡಿತ ಮಾಡಬಲ್ಲರು. ಹವಾಯಿ ದ್ವೀಪದವರು ಇಂಥ ಗಿಡ್ಡ ಹಲಗೆಗೆ ‘ಪೈಪೊ’ ಎನ್ನುತ್ತಾರೆ. ಅಲೆಹಲಗೆಗೆ ಅವರು ಬಳಸುತ್ತಿದ್ದ ಮರಗಳಲ್ಲಿ ಒಂದು ನಮ್ಮ ಹಾಲುವಾಣದ ಹತ್ತಿರದ ನೆಂಟ. ಇನ್ನೊಂದು ಕರಾವಳಿಯವರು ಪಲ್ಯ ಮಾಡುವ ಜೀಗುಜ್ಜೆ. 20ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಪ್ಲೈವುಡ್ ಹಲಗೆ ಜನಪ್ರಿಯವಾಯಿತು.

ಅಳತೆ ಸುಮಾರು 4 ಅಡಿ ಉದ್ದ, 1 ಅಡಿ ಅಗಲ. ಮೆರೈನ್ ಪ್ಲೈವುಡ್ಡನ್ನೇ ಕೊಳ್ಳಿ. 72 ಗಂಟೆ ಕುದಿಸಿದರೂ ಪದರ ಬಿಡದಂಥ ಅಂಟು ಅದರದು. ಮುಂತುದಿಯನ್ನು ದುಂಡಗೆ ಕೊಯ್ದು, ಮೇಲಕ್ಕೆ ಎರಡಂಗುಲ ಬಾಗಿಸಬೇಕು. ಬಾಗಿಲ್ಲದಿದ್ದರೆ ತುದಿ ನೀರಿಗೆ ನಾಟಿ ಸವಾರ ಮುಗ್ಗರಿಸುತ್ತಾನೆ. ಸುಲಭ ದಾರಿಯೆಂದರೆ, ಎರಡು ತೆಳು ಹಾಳೆಗಳ ನಡುವೆ ನೀರು ತಡೆಯುವ ಅಂಟು ಬಳಿದು, ಬಾಗಿದ ಅಚ್ಚಿನ ಮೇಲೆ ಕ್ಲಾಂಪ್ ಬಿಗಿದು ರಾತ್ರಿಯಿಡೀ ಬಿಡುವುದು. ಒಣಗಿದ ಮೇಲೆ ಅಂಚನ್ನು ಉಜ್ಜುಕಾಗದದಿಂದ ನಯಮಾಡಿ ವಾರ್ನಿಷ್ ಬಳಿಯಿರಿ. ನೀರು ಮೊದಲು ಕುಡಿಯುವುದು ಅಂಚೇ. ಅಲ್ಲಿಗೆ ಒಂದು ಕೋಟು ಹೆಚ್ಚೇ ಇರಲಿ.

ಸೊಂಟಮಟ್ಟದ ನೀರಿನಲ್ಲಿ ನಿಂತು, ಅಲೆ ಒಡೆಯುವ ಹೊತ್ತಿಗೆ ಹಲಗೆಯನ್ನು ಹೊಟ್ಟೆಗೊತ್ತಿ ದಡದತ್ತ ಚಿಮ್ಮಬೇಕು. ಮೂಲ್ಕಿಯಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ. ಕಡಲಿಗಿಳಿಯುವ ಮುನ್ನ ಬಲ್ಲವರಿಂದ ಕಲಿಯಿರಿ. ಮಳೆಗಾಲದ ಕಡಲಿಗಂತೂ ಇಳಿಯಲೇಬೇಡಿ.